ಹಳದಿ, ನೀಲಿ ಮತ್ತು ನನ್ನನ್ನು ಕಾಡಿದ ಸ್ಲೈಡರ್

ಒಂದು ಡಿಜಿಟಲ್ ಚಿತ್ರಕ್ಕೆ ತಿಳಿಯಿಂದ ಗಾಢಕ್ಕೆ 5 ಮೆಟ್ಟಿಲು ಬಣ್ಣ ಬೇಕಿತ್ತು. ಎಚ್‌ಎಸ್‌ವಿಯ (ವರ್ಣ, ಸ್ಯಾಚುರೇಶನ್ ಅಂದರೆ ಬಣ್ಣದ ತೀವ್ರತೆ, ವ್ಯಾಲ್ಯೂ ಅಂತ ಮೂರು ಸಂಖ್ಯೆಗಳಿಂದ ಬಣ್ಣ ಆರಿಸುವ ವಿಧಾನ) ವಿ, ಅಂದರೆ ವ್ಯಾಲ್ಯೂ ಸ್ಲೈಡರನ್ನು 100, 80, 60 ಅಂತ ಇಳಿಸುತ್ತಾ ಹೋದೆ. ಹಳದಿಗೂ ಅದೇ, ನೀಲಿಗೂ ಅದೇ. ಆದರೆ ಚಿತ್ರದಲ್ಲಿ ನೀಲಿ ಜಾಗವೆಲ್ಲ ಗುಂಡಿ ಬಿದ್ದ ಹಾಗೆ ಕಂಡಿತು.

ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಎಲ್ಲಕ್ಕಿಂತ ಮೇಲೆ ಹೊಸ ಲೇಯರ್ (ಪದರ) ಹಾಕಿ, ಪೂರ್ತಿ ಕಪ್ಪು ತುಂಬಿ, ಬ್ಲೆಂಡಿಂಗ್ ಮೋಡನ್ನು (ಕೆಳಗಿನ ಪದರಗಳ ಜೊತೆ ಅದು ಬೆರೆಯುವ ರೀತಿಯನ್ನು) 'ಕಲರ್'ಗೆ ಬದಲಿಸಿದೆ. ಚಿತ್ರ ಕಪ್ಪು-ಬಿಳುಪಾಯಿತು. ನೋಡಿದರೆ, 100ರ ಹಳದಿ ಹೆಚ್ಚುಕಡಿಮೆ ಬಿಳಿ, 100ರ ನೀಲಿ ಹೆಚ್ಚುಕಡಿಮೆ ಕಪ್ಪು! ವಿ ಅಂದರೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮೂರರಲ್ಲಿ ದೊಡ್ಡ ಸಂಖ್ಯೆ ಅಷ್ಟೇ, ಕಣ್ಣಿಗೆ ಕಾಣುವ ಬೆಳಕಲ್ಲ.

ಪಕ್ಕದಲ್ಲಿ 5 ಬೂದು ಚೌಕ ಬಿಡಿಸಿ, ಆ ಲೇಯರ್ ಆನ್ ಇಟ್ಟುಕೊಂಡೇ ಒಂದೊಂದು ಬಣ್ಣವನ್ನೂ ಹೊಂದಿಸಿದೆ. ತಿಳಿ ನೀಲಿಗೆ ಸ್ಯಾಚುರೇಶನ್ ಜಾಸ್ತಿನೇ ಇಳಿಸಬೇಕಾಯಿತು. ಬ್ರಷ್ ಒಪಾಸಿಟಿ (ಅಪಾರದರ್ಶಕತೆ) ಮಾತ್ರ 100 ಇರಲಿ, ಇಲ್ಲದಿದ್ದರೆ ಕೆಳಗಿನ ಬಣ್ಣ ಬೆರೆತು ಮತ್ತೆ ಎಡವಟ್ಟು.