ಯಕ್ಷಗಾನ ರೆಕಾರ್ಡಿಂಗ್‌ಗೆ ಯಾವ ಕ್ಯಾಮೆರಾ: ಪುಟ್ಟದೋ, ಪೂರ್ಣ ಪ್ರಮಾಣದ್ದೋ?

ಇಡೀ ರಾತ್ರಿಯ ಆಟವೆಂದರೆ ಹೆಚ್ಚುಕಡಿಮೆ ಎಂಟು ಗಂಟೆ ರೆಕಾರ್ಡಿಂಗ್. ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವುದು 4ಕೆ ಇದೆಯಾ ಎಂದು. ಈಗ ಬಹುತೇಕ ಎಲ್ಲದರಲ್ಲೂ ಇದೆ, ಆ ಪ್ರಶ್ನೆಯಿಂದ ಆಯ್ಕೆ ಸುಲಭವಾಗದು. ಕ್ಯಾಮೆರಾ ರಂಗಸ್ಥಳದಿಂದ ಎಷ್ಟು ದೂರ ನಿಲ್ಲುತ್ತದೆ, ಭಾಗವತರ ಧ್ವನಿ ಅದರೊಳಗೆ ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿಕೊಳ್ಳಿ.

ದೂರಕ್ಕೊಂದು ಲೆಕ್ಕವಿದೆ. ಮೀಟರಿನಲ್ಲಿ ದೂರವನ್ನು 36ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ (35 ಎಂಎಂ ಸಮಾನ ಅಳತೆ) ಭಾಗಿಸಿದರೆ ಫ್ರೇಮಿನಲ್ಲಿ ಸಿಗುವ ಅಗಲ ಬರುತ್ತದೆ. ಸಭಿಕರ ಹಿಂದೆ 12 ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟಿದ್ದೀರಿ ಅನ್ನಿ. ಪುಟ್ಟ ಕ್ಯಾಮೆರಾಗಳಲ್ಲಿ ಡಿಜೆಐ ಆಸ್ಮೋ ಪಾಕೆಟ್ 3ರ 20 ಎಂಎಂ ಲೆನ್ಸಿಗೆ ಸುಮಾರು 22 ಮೀಟರ್ ಅಗಲ ಕಾಣುತ್ತದೆ, ವೇಷಕ್ಕಿಂತ ಅಕ್ಕಪಕ್ಕದ ಕತ್ತಲೆಯೇ ಹೆಚ್ಚು. ಸೋನಿ ಝಡ್‌ವಿ-1 ಅನ್ನು 70 ಎಂಎಂವರೆಗೆ ಎಳೆದರೂ 6 ಮೀಟರ್, ಅಂದರೆ ಇಡೀ ರಂಗಸ್ಥಳ. ಪೂರ್ಣ ಪ್ರಮಾಣದ ವಿಡಿಯೋ ಕ್ಯಾಮೆರಾ ಸೋನಿ ಪಿಎಕ್ಸ್‌ಡಬ್ಲ್ಯು-ಝಡ್90 ತನ್ನ 348 ಎಂಎಂ ತುದಿಯಲ್ಲಿ 1.2 ಮೀಟರಿಗೆ ಬರುತ್ತದೆ: ಕಿರೀಟದಿಂದ ಎದೆಯವರೆಗೆ ವೇಷಧಾರಿ ತುಂಬಿಕೊಳ್ಳುತ್ತಾನೆ. ಡಿಜಿಟಲ್ ಝೂಮ್ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ. ಹ್ಯಾಂಡಿಕ್ಯಾಮ್‌ಗಳಲ್ಲಿ ಝೂಮ್ ಧಾರಾಳ, ಆದರೆ ಸೆನ್ಸರ್ ಚಿಕ್ಕದು. ಬೆಳಕು ಇಳಿದ ಸನ್ನಿವೇಶದಲ್ಲಿ ಕಪ್ಪು ಬಣ್ಣವೆಲ್ಲ ಕಾಳುಕಾಳಾಗುತ್ತದೆ.

ಹೆಚ್ಚಿನ ರೆಕಾರ್ಡಿಂಗ್ ಕೆಡುವುದು ಧ್ವನಿಯಲ್ಲಿ. ಝಡ್‌ವಿ-1ರಂಥ ಪುಟ್ಟ ಕ್ಯಾಮೆರಾದಲ್ಲಿರುವುದು 3.5 ಎಂಎಂ ಮೈಕ್ ಜ್ಯಾಕ್. ಮೈಕಿನ ಸಣ್ಣ ಸಿಗ್ನಲ್‌ಗೆಂದು ಮಾಡಿದ ಆ ಜ್ಯಾಕಿಗೆ ಮಿಕ್ಸರಿನ ಲೈನ್ ಔಟ್ (ಮೈಕಿಗಿಂತ ಬಹಳ ಜೋರಾದ ಸಿಗ್ನಲ್) ನೇರ ಚುಚ್ಚಿದರೆ ಚೆಂಡೆಯ ಪ್ರತಿ ಪೆಟ್ಟೂ ಒಡೆದು ಬರುತ್ತದೆ. ಮೆನುವಿನಲ್ಲಿ ಲೆವೆಲ್ ಇಳಿಸಿದರೂ ಸರಿಹೋಗುವುದಿಲ್ಲ, ಏಕೆಂದರೆ ಒಡೆಯುವುದು ಅದಕ್ಕೂ ಮೊದಲೇ, ಒಳಬರುವ ಹಂತದಲ್ಲಿ. 20ರಿಂದ 40 ಡಿಬಿ ತಗ್ಗಿಸುವ ಅಟೆನ್ಯುಯೇಟರ್ ಕೇಬಲ್ ಬೇಕು. ಇನ್ನೊಂದು ಅಪಾಯ ಇದಕ್ಕಿಂತ ಗುಟ್ಟಿನದು. ಮಿಕ್ಸರಿನ ಬ್ಯಾಲೆನ್ಸ್ಡ್ ಔಟನ್ನು (ಒಂದೇ ಧ್ವನಿಯನ್ನು ನೇರವಾಗಿ ಮತ್ತು ತಲೆಕೆಳಗಾಗಿ ಎರಡು ತಂತಿಗಳಲ್ಲಿ ಕಳಿಸುವಂಥದ್ದು) ಮಾಮೂಲಿ ಸ್ಟೀರಿಯೋ ವೈರಿನಲ್ಲಿ ತಂದರೆ ಎಡಬಲಗಳಲ್ಲಿ ಒಂದೇ ಧ್ವನಿ ಒಂದಕ್ಕೊಂದು ವಿರುದ್ಧ ಅಲೆಯಾಗಿ ದಾಖಲಾಗುತ್ತದೆ. ಹೆಡ್‌ಫೋನಿನಲ್ಲಿ ಕೇಳಿಸುತ್ತದೆ, ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಭಾಗವತರೇ ಮಾಯ! ಎಡಬಲ ಕೂಡಿಸಿದಾಗ ಎರಡೂ ಪರಸ್ಪರ ಅಳಿಸಿಹೋಗುತ್ತವೆ.

ಪೂರ್ಣ ಪ್ರಮಾಣದ ಕ್ಯಾಮೆರಾದ ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಆಡಿಯೋ) ಕಿಂಡಿಗಳಿಗೆ ಲೈನ್, ಮೈಕ್, 48 ವೋಲ್ಟ್ (ಮೈಕಿಗೆ ವಿದ್ಯುತ್ ಕೊಡುವುದು) ಎಂಬ ಸ್ವಿಚ್ ಇರುತ್ತದೆ. ಒಂದನೇ ಚಾನೆಲ್‌ಗೆ ಮಿಕ್ಸರ್ ಕೊಟ್ಟು ಸ್ವಿಚ್ಚನ್ನು ಲೈನಿಗೆ ಹಾಕಿ. ಎರಡನೆಯದಕ್ಕೆ ಹಿಮ್ಮೇಳದತ್ತ ತಿರುಗಿಸಿದ ಮೈಕ್. ಆಟೋ ಲೆವೆಲ್ ಆಫ್ ಮಾಡಿ, ಚೆಂಡೆಯ ಜೋರಿನಲ್ಲೂ ಮೀಟರ್ -12 ಡಿಬಿ ಹತ್ತಿರ ನಿಲ್ಲುವಂತೆ ಇಡಿ. ಆಟೋದಲ್ಲಿ ಬಿಟ್ಟರೆ ಪ್ರತಿ ಪೆಟ್ಟಿನ ನಂತರ ಪದ್ಯ ಕುಗ್ಗಿ ಮತ್ತೆ ಏರುತ್ತದೆ. ಅಡಾಪ್ಟರಿನಲ್ಲಿ ಓಡಿಸುವಾಗ ಗುಂಯ್ ಎನ್ನುವ ಸದ್ದು ಬಂದರೆ ಬ್ಯಾಟರಿಗೆ ಬದಲಿಸಿ ನೋಡಿ. ಆಗ ನಿಂತರೆ ದೋಷ ಅರ್ಥಿಂಗ್ ಲೂಪಿನದು.

ಕಾರ್ಡಿನ ಲೆಕ್ಕ ಸುಲಭ. 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ಗಂಟೆಗೆ 22.5 ಜಿಬಿ, ಎಂಟು ಗಂಟೆಗೆ 180 ಜಿಬಿ. 100ರಲ್ಲಿ ಇದರ ದುಪ್ಪಟ್ಟು. ಎರಡು ಸ್ಲಾಟ್ ಇದ್ದರೆ ಒಂದು ತುಂಬಿದ ಕೂಡಲೇ ಇನ್ನೊಂದಕ್ಕೆ ಹರಿಯುವ ರಿಲೇ ಮೋಡ್ ಇರುತ್ತದೆ, ಅಷ್ಟರಲ್ಲಿ ತುಂಬಿದ್ದನ್ನು ಬದಲಿಸಬಹುದು. ಒಂದೇ ಸ್ಲಾಟಿನ ಕ್ಯಾಮೆರಾದಲ್ಲಿ ಕಾರ್ಡ್ ಬದಲಿಸಲು ರೆಕಾರ್ಡಿಂಗ್ ನಿಲ್ಲಿಸಲೇಬೇಕು. ಕೆಲವು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ. ಫ್ಯಾನ್ ಇಲ್ಲದ ಪುಟ್ಟ ಬಾಡಿ 4ಕೆಯಲ್ಲಿ ಬಿಸಿಯಾಗಿ ಆಫ್ ಆಗುವುದೂ ಉಂಟು. ಫುಲ್ ಎಚ್‌ಡಿಗೆ ಇಳಿಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ.

ಅಮೆರಿಕದ ನೆಂಟರು ತಂದುಕೊಡುವ ಹ್ಯಾಂಡಿಕ್ಯಾಮ್ ಬಗ್ಗೆ ಎಚ್ಚರ. ಅಲ್ಲಿಯ ವಿದ್ಯುತ್ 60 ಹರ್ಟ್ಝ್, ನಮ್ಮದು 50. ಸೆಕೆಂಡಿಗೆ 60 ಫ್ರೇಮಿನಲ್ಲಿ ತೆಗೆದರೆ ಇಲ್ಲಿಯ ದೀಪಗಳು ಮಿನುಗಬಹುದು, ಕೆಲವು ಮಾದರಿಗಳಲ್ಲಿ ಪಾಲ್‌ಗೆ (50 ಹರ್ಟ್ಝ್ ದೇಶಗಳ ವಿಡಿಯೋ ಪದ್ಧತಿ) ಬದಲಿಸುವ ಆಯ್ಕೆಯೇ ಇಲ್ಲ. ಇಲ್ಲಿಗೆ ಸರಿಯಾದದ್ದು 25 ಅಥವಾ 50 ಫ್ರೇಮ್, ಶಟರ್ 1/50 ಅಥವಾ 1/100.

ಹಾಗೆಂದು ಪುಟ್ಟದಕ್ಕೆ ಕೆಲಸವಿಲ್ಲ ಎಂದಲ್ಲ. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಹಚ್ಚುವುದನ್ನು ತೆಗೆಯಲು ದೊಡ್ಡ ಕ್ಯಾಮೆರಾ ಹಿಡಿದು ನುಗ್ಗಿದರೆ ಎಲ್ಲರಿಗೂ ತೊಂದರೆ. 179 ಗ್ರಾಂ ತೂಗುವ ಆಸ್ಮೋ ಪಾಕೆಟ್ ಅಲ್ಲಿ ಯಾರಿಗೂ ಅಡ್ಡ ಬರದು. ನಿಮಗೆ ಬೇಕಾದದ್ದು ಬರೀ ಹತ್ತು ನಿಮಿಷದ ತುಣುಕುಗಳು, ರಂಗಸ್ಥಳದ ಬುಡದಲ್ಲೇ ನಿಲ್ಲುತ್ತೀರಿ ಎಂದಾದರೆ ಅದನ್ನೇ ಕೊಳ್ಳಿ. ಇಡೀ ಪ್ರಸಂಗ ಬೇಕೆನ್ನುವವರು ಪೂರ್ಣ ಪ್ರಮಾಣದ್ದನ್ನು ಒಂದು ಆಟಕ್ಕೆ ಬಾಡಿಗೆಗೆ ತಂದು ನೋಡಿ, ಆಮೇಲೆ ಸೆಕೆಂಡ್ ಹ್ಯಾಂಡ್ ಹುಡುಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಕ್ಸ್‌ಎಲ್‌ಆರ್ ಕಿಂಡಿಗೆ ಕೇಬಲ್ ಹಾಕಿ ಅಲ್ಲಾಡಿಸಿ. ಕರಕರ ಸದ್ದು ಬರಬಾರದು. ಝೂಮನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಓಡಿಸಿ, ನಡುವೆ ಎಡವಿದರೆ ಮೋಟಾರ್ ಸವೆದಿದೆ. ಲೆನ್ಸ್ ಮುಚ್ಚಿ ಗೇನನ್ನು (ಚಿತ್ರದ ಸಿಗ್ನಲ್ ಹಿಗ್ಗಿಸುವ ಮಟ್ಟ) 18 ಡಿಬಿಗೆ ಏರಿಸಿ ಒಂದು ನಿಮಿಷ ರೆಕಾರ್ಡ್ ಮಾಡಿ, ದೊಡ್ಡ ಪರದೆಯಲ್ಲಿ ನೋಡಿ. ಕದಲದೆ ಒಂದೇ ಜಾಗದಲ್ಲಿ ಹೊಳೆಯುವ ಚುಕ್ಕೆಗಳಿದ್ದರೆ ಸೆನ್ಸರಿನಲ್ಲಿ ಹಾಟ್ ಪಿಕ್ಸೆಲ್ ಇದೆ. ಬೆಲೆ ಮಾತಾಡುವುದು ಅದಾದ ಮೇಲೆ.