ಸೂತಕ ಯಾರಿಗೆ ತಗಲುತ್ತೆ? ವೈ ಟೆಸ್ಟಿಗೆ ನಾನು ಜನ ಹುಡುಕಿದ ದಾರಿ

ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮಿನ ಡಿಎನ್‌ಎ ಟೆಸ್ಟ್ ಹಿಡಿದು, ಚದುರಿಹೋದ ನಮ್ಮ ದಾಯಾದಿ ಮನೆಗಳನ್ನು ಹುಡುಕಲು ಆರು ವರ್ಷ ಹಿಡಿಯಿತು, ಹೆಚ್ಚುಕಡಿಮೆ ಎರಡು ಲಕ್ಷ ಹೋಯಿತು. ಹೋದ ದೀಪಾವಳಿ ಹೊತ್ತಿಗೆ ಕೆಲಸ ಕೂಡಿಬಂತು. ಶುರು ಮಾಡಿದಾಗ ನನ್ನಂತೆಯೇ ವಂಶವೃಕ್ಷದ ಹುಚ್ಚು ಹತ್ತಿದ್ದ ಗೆಳೆಯರೇ ನಕ್ಕಿದ್ದರು. "ವೈ ಟೆಸ್ಟೆಲ್ಲ ಸರ್‌ನೇಮ್ ಇರೋ ಬಿಳಿಯರಿಗೆ ಕಣಯ್ಯಾ. ನಮಗೆ ಇನಿಶಿಯಲ್ ಬಿಟ್ರೆ ಏನಿದೆ?" ಅಂದಿದ್ದರು. ಈಗ ಅದೇ ಗೆಳೆಯರು ಫೋನ್ ಮಾಡಿ ಯಾವ ಕಿಟ್ಟು ತರಿಸಲಿ ಅಂತ ಕೇಳುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನಮ್ಮದು ಮಧುಗಿರಿ ತಾಲ್ಲೂಕು. ಧಾತು ಬರದಲ್ಲಿ, ಅಂದರೆ 1876-78ರಲ್ಲಿ, ಮೂರು ಜನ ಅಣ್ಣತಮ್ಮಂದಿರು ದಿಕ್ಕಾಪಾಲಾದರು ಅನ್ನುವುದು ಮನೆಯಲ್ಲಿ ಕೇಳಿ ಬೆಳೆದ ಕತೆ. ಒಬ್ಬ ಇಲ್ಲೇ ಉಳಿದ, ಒಬ್ಬ ಗೌರಿಬಿದನೂರು ಕಡೆ ಹೋದ, ಕಿರಿಯವನು ಶಿಡ್ಲಘಟ್ಟ ಸೇರಿದ. ಇಂಥ ಕತೆ ನಮ್ಮ ಸೀಮೆಯಲ್ಲಿ ಮನೆಗೊಂದಿದೆ. 1871ರಲ್ಲಿ ಐವತ್ತು ಲಕ್ಷದಷ್ಟಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ ನಲವತ್ತೆರಡು ಲಕ್ಷಕ್ಕೆ ಇಳಿದಿದ್ದರು. ಹಾಗಿರುವಾಗ ಯಾರು ಎಲ್ಲಿ ಹೋದರು, ಯಾರು ಸತ್ತರು ಅಂತ ಬರೆದಿಡುವವರು ಯಾರು?

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಚೈನು ಎಳೆದವನು. ಕಾಗದದ ಮೇಲೆ ನನಗೆ ಭಾರೀ ನಂಬಿಕೆಯಿತ್ತು. ಆದರೆ ಟಿಪ್ಪಣಿ, ಪಕ್ಕಾ, ಆಕಾರ್‌ಬಂದ್ ಎಲ್ಲ ಜಮೀನಿನ ಜಾತಕವೇ ಹೊರತು ಮನುಷ್ಯನದಲ್ಲ. ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕಗಳಲ್ಲಿ ಅಪ್ಪನ ಹೆಸರು ಸಿಗುತ್ತದೆ, ಸರಿ. ಆದರೆ ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ, ನಾಲ್ವರ ಅಪ್ಪಂದಿರಿಗೂ ಒಂದೇ ಹೆಸರು. ತಾತನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಗೆ ನಮಸ್ಕಾರ. 1890ರಿಂದ ಹಿಂದಕ್ಕೆ ನಾನು ಹೋಗಲೇ ಇಲ್ಲ.

ಮೊದಲು ದುಡ್ಡು ಸುರಿದದ್ದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದ ಡಿಎನ್‌ಎ ನೋಡುವ ಆಟೋಸೋಮಲ್ ಟೆಸ್ಟಿಗೆ. ಮೂರು ಕಿಟ್ಟಿಗೆ ಹದಿನೆಂಟೋ ಇಪ್ಪತ್ತೋ ಸಾವಿರ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಟ್ಟು ತಂದು, ಮತ್ತೆ ಕೊಟ್ಟು ತಂದು ಹಗ್ಗದ ಹಾಗೆ ಹೆಣೆದುಕೊಂಡಿದ್ದೇವಲ್ಲ, ವರದಿ ನೋಡಿದರೆ ಊರಿನವರೆಲ್ಲ ನನಗೆ ಎರಡನೇ ಕಸಿನ್. ನಾಲ್ಕು ತಲೆ ದೂರದವನು ಚಿಕ್ಕಪ್ಪನ ಮಗನಷ್ಟು ಹತ್ತಿರ ಬಂದು ಕೂತಿದ್ದ. ಗಂಡು ಸಾಲಿನಲ್ಲಿ ಇಳಿಯುವ ವೈಗೆ ಈ ಕಲಬೆರಕೆ ಇಲ್ಲ. ಅಪ್ಪನಿಂದ ಮಗನಿಗೆ, ಮುಗಿಯಿತು.

ಹಾಗಾಗಿ ಹ್ಯೂಸ್ಟನ್ನಿನ ಫ್ಯಾಮಿಲಿಟ್ರೀಡಿಎನ್‌ಎಯಲ್ಲಿ ವೈ-37, ಅಂದರೆ ವೈ ಮೇಲಿನ 37 ಗುರುತುಗಳನ್ನು (ಮಾರ್ಕರ್) ನೋಡುವ ಟೆಸ್ಟ್, ಮಾಡಿಸಿದೆ. ನೂರು ಡಾಲರ್ ಆಸುಪಾಸು. ಹ್ಯಾಪ್ಲೋಗುಂಪು, ಅಂದರೆ ಗಂಡು ಸಾಲಿನ ಬಲು ಹಳೇ ಕವಲು, ಎಲ್ ಅಂತ ಬಂತು. ಹೊಂದಾಣಿಕೆಯ ಪಟ್ಟಿ? ಸೊನ್ನೆ. ಒಂದು ವರ್ಷ ಕಾದೆ, ಸೊನ್ನೆ. ಅಲ್ಲಿ ಟೆಸ್ಟ್ ಮಾಡಿಸಿದವರಲ್ಲಿ ನಮ್ಮ ಕಡೆಯವರೇ ಇಲ್ಲದಿದ್ದರೆ ಯಾರ ಜೊತೆ ಹೊಂದಬೇಕು? ನೂರು ಜನಕ್ಕೆ ಅಡುಗೆ ಮಾಡಿ ಯಾರನ್ನೂ ಕರೆಯದೆ ಕೂತಂತಿತ್ತು ನನ್ನ ಸ್ಥಿತಿ. ಮ್ಯಾಚ್ ಬರಲಿ ಅಂತ ಕಾಯುವುದನ್ನು ಅಲ್ಲಿಗೇ ಬಿಟ್ಟೆ. ಸ್ಯಾಂಪಲ್ಲಿಗೆ ಯಾರ ಕೆನ್ನೆಯ ಒಳಗೆ ಉಜ್ಜಬೇಕು ಅಂತ ನಾವೇ ಮೊದಲು ಗೊತ್ತು ಮಾಡಿಕೊಂಡು, ನಾವೇ ಹೋಗಿ, ನಮ್ಮ ದುಡ್ಡಲ್ಲೇ ಮಾಡಿಸಬೇಕು.

ಜನರನ್ನು ಹುಡುಕಿದ್ದು ಸೂತಕದಿಂದ. ಹಳ್ಳಿಗೆ ಹೋಗಿ "ನಿಮ್ಮ ನೆಂಟರು ಯಾರು" ಅಂದರೆ ಇಡೀ ತಾಲ್ಲೂಕಿನ ಹೆಸರು ಹೇಳುತ್ತಾರೆ. "ಯಾರ ಮನೇಲಿ ಸಾವಾದ್ರೆ ನಿಮಗೆ ಸೂತಕ?" ಅಂತ ಕೇಳಿ. ಬರೀ ಅಣ್ಣತಮ್ಮಿಕೆ ಉದುರುತ್ತದೆ, ಹೆಣ್ಣು ಕೊಟ್ಟ ಮನೆ ಒಂದೂ ಬರುವುದಿಲ್ಲ. ಇದರ ಜೊತೆಗೆ ದೊಡ್ಡ ದ್ಯಾವರ, ಅಂದರೆ ಅಣ್ಣತಮ್ಮಿಕೆಯವರೆಲ್ಲ ಸೇರಿ ಮಾಡುವ ಮನೆದೇವರ ಹಬ್ಬ, ಮಾಡಿದಾಗ ಯಾವ ಯಾವ ಮನೆ ವಂತಿಗೆ ಹಾಕಿತು ಅನ್ನುವ ಹಳೇ ನೋಟ್‌ಬುಕ್ ಒಂದು ಸಿಕ್ಕಿತು. ನಮ್ಮ ಮನೆದೇವರು ಸೀತಿ ಬೆಟ್ಟದ ಭೈರವ. ಆ ನೋಟ್‌ಬುಕ್ ಹೇಗೆ ಸಿಕ್ಕಿತು ಅಂತ ಕೇಳಬೇಡಿ, ಅದು ನನ್ನ ಬಂಡವಾಳ. ಗೌರಿಬಿದನೂರಿನ ಮನೆ, ಶಿಡ್ಲಘಟ್ಟದ ಮನೆ, ಎರಡೂ ಅದರಲ್ಲಿದ್ದವು.

ಒಪ್ಪಿಸುವುದು ಬೇರೆ ಕತೆ. ಗೌರಿಬಿದನೂರಿನಲ್ಲಿ ಕಾಫಿ ಕೊಟ್ಟು ಕೂರಿಸಿದ ಹಿರಿಯರು ಮೊದಲು ಕೇಳಿದ ಪ್ರಶ್ನೆ, "ಸ್ವಾಮಿ, ಜಮೀನಿನಲ್ಲಿ ಭಾಗ ಕೇಳೋಕೆ ಬಂದಿದ್ದೀರಾ?" ತಪ್ಪೇನೂ ಇಲ್ಲ, ಬೆಂಗಳೂರು ಹತ್ತಿರ ಬಂದಂತೆಲ್ಲ ಗುಂಟೆಗೆ ಒಬ್ಬೊಬ್ಬ ದಾಯಾದಿ ಹುಟ್ಟಿಕೊಳ್ಳುತ್ತಿದ್ದಾನೆ. ಛಾಪಾ ಕಾಗದದ ಮೇಲೆ ನನಗೆ ಯಾವ ಹಕ್ಕೂ ಬೇಡ ಅಂತ ಬರೆದುಕೊಟ್ಟ ಮೇಲೆ ಬಾಯಿ ತೆರೆದರು. ಅದೂ ಎಲೆಅಡಿಕೆ ತುಂಬಿದ ಬಾಯಿ! ಆ ಸ್ಯಾಂಪಲ್ ಕೆಟ್ಟುಹೋಯಿತು. ಎರಡನೇ ಸಲ ಬೆಳಗಿನ ಐದೂವರೆಗೆ, ಕಾಫಿಗಿಂತ ಮುಂಚೆ ಹೋಗಿ ತಗೊಂಡೆ. ಆಮೇಲೆ ಯಾವ ಸ್ಯಾಂಪಲ್ಲೂ ಕೆಟ್ಟಿಲ್ಲ. ಕಿಟ್ಟುಗಳನ್ನು ಸಾಧ್ಯವಾದಷ್ಟೂ ಏಪ್ರಿಲ್‌ನ ಡಿಎನ್‌ಎ ದಿನದ ರಿಯಾಯಿತಿಯಲ್ಲಿ ತಗೊಳ್ಳಿ, ತಾಳ್ಮೆ ಇದ್ದರೆ ದುಡ್ಡು ಉಳಿಯುತ್ತದೆ.

ಗೌರಿಬಿದನೂರಿನದು ಬಂತು: 37ರಲ್ಲಿ 36 ಸಮ. ಬೇರೆಯಾದದ್ದು ಸಿಡಿವೈ ಒಂದೇ. ಅದು ಹೇಗೂ ಬೇಗ ಬದಲಾಗುವ ಮಾರ್ಕರ್, ನಾನದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅವತ್ತು ಮನೆಯಲ್ಲಿ ಒಬ್ಬಟ್ಟು.

ಶಿಡ್ಲಘಟ್ಟದ್ದು ಬಂದ ದಿನ ಊಟ ಸೇರಲಿಲ್ಲ. ಹೊಂದಾಣಿಕೆಯ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಕೈಯಲ್ಲೇ ತಾಳೆ ನೋಡಿದೆ. ಇಪ್ಪತ್ತಕ್ಕೂ ಮೇಲೆ ವ್ಯತ್ಯಾಸ, ಗುಂಪು ಎಚ್. ಬರಗಾಲದಲ್ಲಿ ಬೇರೆಯಾದ ಮಾತಲ್ಲ ಇದು, ಸಾವಿರಾರು ವರ್ಷದ ಹಿಂದಿನ ಮಾತು. ಗೆಳೆಯರು ಮತ್ತೆ ನಕ್ಕರು. ನಾನೂ ಪೆದ್ದನಂತೆ ಆ ಮನೆಯವರಿಗೆ ಫೋನಿನಲ್ಲೇ ವಿಷಯ ಹೇಳಿಬಿಟ್ಟೆ. ಆಚೆ ಕಡೆಯಿಂದ ದೊಡ್ಡವರ ದನಿ: "ನಮ್ಮ ಅಜ್ಜಿ ಮೇಲೆ ಅನುಮಾನ ಪಡ್ತೀರೇನ್ರೀ?" ಎಂಟು ತಿಂಗಳು ಮಾತಿಲ್ಲ. ನೀವು ಯಾರೂ ಹೀಗೆ ಮಾಡಬೇಡಿ. ಕಾಗದ ಕೈಗೆ ಸಿಗುವ ಮುಂಚೆ ಫಲಿತಾಂಶ ಬಾಯಿಗೆ ಬರಬಾರದು.

ಕಾಗದ ಸಿಕ್ಕಿತು. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೆ ನನ್ನ ಪಾಲಿಗೆ ಹಳೇ ಕಟ್ಟುಗಳ ಕತೆ ಚೆಂಡಾಟವಾಗಿಬಿಟ್ಟಿತ್ತು. ಈ ಕಚೇರಿಯವರು ಆ ಕಚೇರಿಗೆ ಹೋಗಿ ಅಂತಾರೆ, ಅವರು ಇವರನ್ನೇ ಕೇಳಿ ಅಂತಾರೆ. ಹನ್ನೊಂದು ಸಲ ಓಡಾಡಿದೆ. ಕಡೆಗೆ 1910ರ ಆಚೀಚಿನ ಒಂದು ಪಾರಿಖತ್ತು, ಅಂದರೆ ಆಸ್ತಿ ಭಾಗದ ಪತ್ರ, ಕೈಗೆ ಬಂತು. ಶಿಡ್ಲಘಟ್ಟಕ್ಕೆ ಹೋದ ಕಿರಿಯವನಿಗೆ ಗಂಡುಮಕ್ಕಳಿರಲಿಲ್ಲ, ಒಬ್ಬಳೇ ಮಗಳು. ಚಿಂತಾಮಣಿ ತಾಲ್ಲೂಕಿನಿಂದ ಅಳಿಯನನ್ನು ತಂದು ಮನೆಯಲ್ಲೇ ಇಟ್ಟುಕೊಂಡಿದ್ದ. ಆ ಕಡೆ ತೆಲುಗು ಬೆರೆತ ಮಾತಲ್ಲಿ ಇಲ್ಲಟಂ ಅಂತಾರೆ, ನಮ್ಮಲ್ಲಿ ಮನೆ ಅಳಿಯ. ಅಳಿಯನಿಗೆ ಮಾವನ ಹೊಲ ಬಂತು, ಮನೆದೇವರು ಬಂತು, ಎರಡು ತಲೆ ಕಳೆಯುವಷ್ಟರಲ್ಲಿ ಮಾವನ ಬೆಡಗೂ, ಅಂದರೆ ಗೋತ್ರದಂಥ ವಂಶದ ಹೆಸರೂ, ಬಂತು. ಬರದೇ ಹೋದದ್ದು ವೈ ಒಂದೇ. ಅಜ್ಜಿ ಚಿನ್ನದಂಥವಳು, ತಪ್ಪಿದ್ದು ನನ್ನ ಲೆಕ್ಕ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಾಗದ ಹೇಳಿದ್ದನ್ನೂ ಪರೀಕ್ಷೆ ಮಾಡಬೇಕಲ್ಲ? ಅಳಿಯ ಹುಟ್ಟಿದ ಊರಿಗೆ ಹೋಗಿ, ಅವನ ಅಣ್ಣನ ಮರಿಮಗನನ್ನು ಹಿಡಿದು, ಇನ್ನೊಂದು ಕಿಟ್ಟು. ಶಿಡ್ಲಘಟ್ಟದವರ ಜೊತೆ 37ಕ್ಕೆ 37. ಎರಡೂ ವರದಿಗಳನ್ನು ಪಾರಿಖತ್ತಿನ ಜೆರಾಕ್ಸ್ ಜೊತೆ ಇಟ್ಟುಕೊಂಡು ಖುದ್ದಾಗಿ ಹೋದೆ. ದೊಡ್ಡವರು ಓದಿಸಿ ಕೇಳಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಒಳಗೆ ಕೂಗಿ "ಊಟಕ್ಕೆ ಎಲೆ ಹಾಕ್ರೇ" ಅಂದರು. ಈಗ ಅವರಿಗೆ ಎರಡು ಕಡೆ ಸೂತಕ, ಅದೊಂದು ಕಷ್ಟ.

ನಡುವೆ ಇನ್ನೊಂದು ಚಪಲ. ಒಂದೇ ಬೆಡಗಿನವರೆಲ್ಲ ಒಂದೇ ಮೂಲಪುರುಷನ ಮಕ್ಕಳೋ ಅಂತ ನೋಡಲು ನಮ್ಮ ಬೆಡಗಿನದೇ ಇನ್ನಿಬ್ಬರನ್ನು ಮಾಡಿಸಿದೆ. ಒಬ್ಬರದು ಎಲ್ ಆದರೂ ನಮಗೆ ಬಲು ದೂರ, ಇನ್ನೊಬ್ಬರದು ಆರ್2. ಇಬ್ಬರನ್ನು ನೋಡಿ ತೀರ್ಪು ಕೊಡಬಾರದು, ಆದರೂ ಬೆಡಗು ಒಂದೇ ಅಂತ ಯಾರೂ ಕಿಟ್ಟಿಗೆ ದುಡ್ಡು ಹಾಕಬೇಡಿ. ತಾತನ ಹಲ್ಲಿನ ಸೆಟ್ಟನ್ನು ಒಂದು ಲ್ಯಾಬಿಗೆ ಕಳಿಸಿ ಇಪ್ಪತ್ತೆರಡು ಸಾವಿರ ಕಳೆದುಕೊಂಡದ್ದನ್ನಂತೂ ಹೇಳುವುದೇ ಬೇಡ. "ಡಿಎನ್‌ಎ ಸಾಲದು" ಅಂತ ಒಂದು ಸಾಲಿನ ಉತ್ತರ ಬಂತು. ನಮ್ಮಾಕೆ "ಈ ದುಡ್ಡಲ್ಲಿ ಒಂದು ಬೋರ್‌ವೆಲ್ ಆಗ್ತಿತ್ತು" ಅಂತ ಈಗಲೂ ಅನ್ನುತ್ತಾಳೆ. ನಮ್ಮ ಕಡೆ ಬೋರ್‌ವೆಲ್‌ಗೂ ಖಾತ್ರಿ ಎಲ್ಲಿದೆ ಅಂತ ನಾನು ಅನ್ನುತ್ತೇನೆ.

ಕೊನೆಗೆ ನಾನು, ಗೌರಿಬಿದನೂರಿನವರು ಇಬ್ಬರೂ ವೈಯನ್ನು ಇನ್ನೂ ಆಳವಾಗಿ ಓದುವ ಬಿಗ್ ವೈ-700 ಟೆಸ್ಟ್ ಮಾಡಿಸಿದೆವು. ಎರಡಕ್ಕೂ ಸೇರಿ ಎಪ್ಪತ್ತು ಸಾವಿರದ ಮೇಲೆ. ಇಬ್ಬರಿಗೂ ಸಮನಾದ ಎಸ್‌ಎನ್‌ಪಿಗಳ (ತಲೆತಲಾಂತರದಲ್ಲಿ ಆಗೊಂದು ಈಗೊಂದು ಬೀಳುವ ಡಿಎನ್‌ಎ ಅಕ್ಷರದ ಬದಲಾವಣೆಗಳ) ಕೆಳಗೆ ನನಗೆ ನನ್ನವೇ ಎರಡು, ಅವರಿಗೆ ಒಂದು. ಸರಾಸರಿ ಒಂದೂವರೆ. ಒಂದಕ್ಕೆ 83 ವರ್ಷದ ಲೆಕ್ಕ ಹಿಡಿದರೆ 125. ನಾವು ಹುಟ್ಟಿದ್ದು 1950ರ ದಶಕದಲ್ಲಿ, ಕಳೆದರೆ 1830ರ ಹತ್ತಿರ ಬರುತ್ತದೆ. ಧಾತು ಬರದಲ್ಲಿ ಅಗಲಿದ ಅಣ್ಣತಮ್ಮಂದಿರ ಅಪ್ಪ ಹುಟ್ಟಿರಬೇಕಾದ ಕಾಲ ಸರಿಸುಮಾರು ಅದೇ! ಇದಕ್ಕೆ ಕುಣಿದಾಡಬೇಕಾಗಿಲ್ಲ, ಈ ಲೆಕ್ಕ ಹಿಂದಕ್ಕೂ ಮುಂದಕ್ಕೂ ನೂರು ವರ್ಷ ಜಗ್ಗುತ್ತದೆ. ಇಸವಿಗೆ ನಾನು ಕಾಗದವನ್ನೇ ನಂಬುತ್ತೇನೆ. ಯಾರು ಯಾರ ಮಗ ಅನ್ನುವಲ್ಲಿ ಕಾಗದ ತಡವರಿಸಿದಾಗ ಮಾತ್ರ ವೈ ಬೇಕು.

ಈಗ ಪಾವಗಡ ಕಡೆ ನಾಲ್ಕನೇ ಮನೆಯೊಂದಿದೆ ಅಂತ ಸುಳಿವು ಸಿಕ್ಕಿದೆ. ಅಲ್ಲಿ ಉಳಿದಿರುವುದು ಎಂಬತ್ತನಾಲ್ಕು ವರ್ಷದ ಒಬ್ಬರೇ ಗಂಡಸು, ಅವರಿಗಿರುವುದು ಬರೀ ಹೆಣ್ಣುಮಕ್ಕಳು. ಏಪ್ರಿಲ್ ತನಕ ಕಾಯದೆ ಪೂರ್ತಿ ಬೆಲೆ ಕೊಟ್ಟು ಕಿಟ್ಟು ತರಿಸಿದ್ದೇನೆ. ಸೋಮವಾರ ಬೆಳಗಿನ ಜಾವದ ಬಸ್ಸಿಗೆ ಹೊರಡಬೇಕು.