ವೈಫೈ ಹೋದರೆ ಮೊಬೈಲ್ ಬಿಲ್ ಏರುತ್ತದೆ, ಹುಷಾರು!

ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ನಮ್ಮ ಮನೆಯ ಇಂಟರ್‌ನೆಟ್ ಕೇಬಲ್ ಕಡಿಯಿತು. ಮೂರು ದಿನ ವೈಫೈ ಇರಲಿಲ್ಲ. ಮಗ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು 'ಸ್ವಲ್ಪ ಓದಿದ'. ಓದಿದ್ದು ಎಷ್ಟೋ ಗೊತ್ತಿಲ್ಲ, ಲ್ಯಾಪ್‌ಟಾಪ್ ಮಾತ್ರ ಸುಮ್ನೆ ಕೂತು ದೊಡ್ಡ ಅಪ್‌ಡೇಟ್ ಒಂದನ್ನು ಇಳಿಸಿಕೊಂಡಿತ್ತು. ಆ ತಿಂಗಳ ಪೋಸ್ಟ್‌ಪೇಯ್ಡ್ ಬಿಲ್ ನೋಡಿ ಕಾಫಿ ತಣ್ಣಗಾಯಿತು.

ನಿಮ್ಮದು ಪ್ರಿಪೇಯ್ಡ್ ಆದರೆ ಭಯ ಕಡಿಮೆ. ದಿನದ ಡೇಟಾ ಮುಗಿದ ಮೇಲೆ ಸಾಮಾನ್ಯವಾಗಿ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅಷ್ಟೇ. ಪೋಸ್ಟ್‌ಪೇಯ್ಡ್‌ನಲ್ಲಿ ಯಾವಾಗಲೂ ಹಾಗಲ್ಲ. ಪ್ಲಾನ್ ನೋಡಿ, ಡೇಟಾ ಮುಗಿದರೆ ಸ್ಪೀಡ್ ಇಳಿಯುತ್ತದೋ, ದುಡ್ಡು ಬೀಳುತ್ತದೋ ಎಂದು ಮೊದಲು ತಿಳಿದುಕೊಳ್ಳಿ.

ಆಮೇಲೆ ಫೋನಿಗೆ ಬೇಲಿ ಹಾಕಿ. ಆಂಡ್ರಾಯ್ಡ್‌ನಲ್ಲಿ ಡೇಟಾ ಬಳಕೆಯ ಸೆಟ್ಟಿಂಗ್ಸ್ ತೆರೆದು, ಬಿಲ್ ಶುರುವಾಗುವ ತಾರೀಕು ಕೊಟ್ಟು, ಡೇಟಾ ಲಿಮಿಟ್ ಆನ್ ಮಾಡಿ. 50 ಜಿಬಿ ಪ್ಲಾನ್ ಇದ್ದರೆ 45ಕ್ಕೆ ಇಡಿ, ಏಕೆಂದರೆ ಫೋನಿನ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಐಫೋನ್‌ನಲ್ಲಿ ಇಂಥ ಬೇಲಿ ಇಲ್ಲ. ಆದರೆ ಮೊಬೈಲ್ ಡೇಟಾ ಪುಟದ ಕೊನೆಯಲ್ಲಿ 'ವೈಫೈ ಅಸಿಸ್ಟ್' ಇದೆ, ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ವೈಫೈ ಸೊರಗಿದ ಕೂಡಲೇ ಫೋನ್ ತಾನಾಗಿ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ನಮ್ಮ ಕಡೆ ವೈಫೈ ಸೊರಗದ ದಿನ ಯಾವುದು ಹೇಳಿ?

ಲ್ಯಾಪ್‌ಟಾಪ್ ಮರೆಯಬೇಡಿ, ಅಸಲಿ ಕಳ್ಳ ಅದೇ. ವಿಂಡೋಸ್‌ನಲ್ಲಿ ಹಾಟ್‌ಸ್ಪಾಟ್‌ನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದರೆ ದೊಡ್ಡ ಅಪ್‌ಡೇಟ್‌ಗಳು ಬಹುಪಾಲು ನಿಲ್ಲುತ್ತವೆ. ವಾಟ್ಸಾಪ್‌ನಲ್ಲಿ ಮೊಬೈಲ್ ಡೇಟಾದಲ್ಲಿ ವಿಡಿಯೊ ತಾನಾಗಿ ಇಳಿಯುವುದನ್ನೂ ತೆಗೆಯಿರಿ. ಮದುವೆ ಮನೆಯ ಗ್ರೂಪ್ ಒಂದೇ ಸಾಕು, ಅಲ್ವಾ?

ಕೇರಳದ ಗಡಿಯಲ್ಲಿರುವ ಕುಟ್ಟ, ಮಾಕುಟ್ಟದ ಕಡೆ ಹೋದಾಗ ಫೋನ್ ಕೇರಳದ ಟವರ್ ಹಿಡಿಯುತ್ತದೆ. ಈಗಿನ ಹೆಚ್ಚಿನ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ಅದಕ್ಕೆ ಚಾರ್ಜ್ ಇಲ್ಲ. ಜಾಸ್ತಿ ಹೊಡೆತ ಬೀಳುವುದು ದುಬೈ, ದೋಹಾಕ್ಕೆ ಹೋದಾಗ. ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ, ಇಲ್ಲವೇ ರೋಮಿಂಗ್ ಪ್ಯಾಕ್ ಹಾಕಿಸಿ. ಅಲ್ಲಿರುವ ಮಕ್ಕಳಿಗೆ ಇಲ್ಲಿಂದ ಮಾಡುವ ಐಎಸ್‌ಡಿ ಕರೆ ಮಾಮೂಲಿ ಅನ್‌ಲಿಮಿಟೆಡ್‌ನಲ್ಲಿ ಸೇರುವುದಿಲ್ಲ. ಗೊತ್ತಿಲ್ಲದ ವಿದೇಶಿ ನಂಬರಿನ ಮಿಸ್ಡ್ ಕಾಲ್‌ಗೆ ತಿರುಗಿ ಕರೆ ಮಾಡಲೇಬೇಡಿ.

ಕೇಳದೆಯೇ ಕಾಲರ್ ಟ್ಯೂನ್‌ನಂಥ ಸೇವೆ ಅಂಟಿಕೊಂಡಿದ್ದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಬಹುದು.

ಇಷ್ಟಾದರೂ ಬಿಲ್ ಏರಿದರೆ ನಿಮ್ಮ ಮೊಬೈಲ್ ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿ ದೂರು ಕೊಡಿ. ಅವರು ಹೇಳುವ ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ಉತ್ತರ ಸರಿ ಕಾಣದಿದ್ದರೆ ಅದೇ ನಂಬರ್ ತೋರಿಸಿ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ನಾನು ಗೋಡೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕವೇ ಬರೆದಿಟ್ಟಿದ್ದೇನೆ.